ಅಂಟಿಕೊಂಡ ಬೆರಳುಗಳು

“ಇದು ಕೈಯಾ, ಬಾತುಕೋಳಿಯ ಕಾಲಾ?”

ಸೂಕ್ಷ್ಮದರ್ಶಕದಿಂದ ಕಣ್ಣು ಎತ್ತದೆಯೇ ಗ್ಲ್ಯಾಡಿಸ್ ಕೇಳಿದಳು. ಗಾಜಿನ ತಟ್ಟೆಯಲ್ಲಿ ಇಲಿಯ ಭ್ರೂಣವೊಂದು ಮಗ್ಗುಲಾಗಿ ಮಲಗಿತ್ತು. ಸ್ಪಿರಿಟ್ಟಿನಲ್ಲಿ ನೆನೆದು ಬೆಳ್ಳಗಾದ ಅದು ಒಂದು ಅಲಸಂಡೆ ಬೀಜಕ್ಕಿಂತ ದೊಡ್ಡದಿರಲಿಲ್ಲ. ಎದೆಯ ಮುಂದೆ ಚಾಚಿದ್ದ ಪುಟ್ಟ ಕೈಯಲ್ಲಿ ಐದು ಬೆರಳುಗಳ ಗುರುತೇನೋ ಇತ್ತು, ಆದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಪಕ್ಕದಲ್ಲಿ ವಿಜೇತಾ ಕೈಕಟ್ಟಿಕೊಂಡು ನಿಂತಿದ್ದಳು. ಒಂದು ವಾರದಿಂದ ಯಾರ ಪ್ರಶ್ನೆಗೆ ಉತ್ತರ ಕೊಟ್ಟೂ ಅವಳಿಗೆ ಒಳ್ಳೆಯದಾದದ್ದಿಲ್ಲ. ಗಂಡು ಭ್ರೂಣಗಳ ಹೊಟ್ಟೆಯಲ್ಲಿ ಅಂಡಾಶಯ ಬೆಳೆದಿದೆ ಎಂದು ಅವಳು ಫೋಟೊ ಸಮೇತ ತೋರಿಸಿದ್ದಳು. ವಿಚಾರಣಾ ಸಮಿತಿ ಅವಳ ಭ್ರೂಣಗಳಿದ್ದ ಪೆಟ್ಟಿಗೆಯನ್ನು ತೆರೆದು ನೋಡಿದರೆ ಒಂದೊಂದರಲ್ಲೂ ಇದ್ದದ್ದು ಮಾಮೂಲು ವೃಷಣ. ಫೋಟೊಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದಾಳೆ ಎಂದು ಮಣಿಪಾಲದ ಆ ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ನಂಬಿಬಿಟ್ಟಿದ್ದರು.

ನಾಳೆ ಬೆಳಿಗ್ಗೆ ಸಮಿತಿ ಕೊನೆಯ ಸಲ ಕೂರುತ್ತದೆ. ಪೆಟ್ಟಿಗೆ ಬದಲಾಗಿದೆ ಎಂದು ಅಷ್ಟರೊಳಗೆ ತೋರಿಸಲಾಗದಿದ್ದರೆ ಕಾಪುವಿನ ಮೀನುಗಾರರ ಮನೆಯ ಈ ಹುಡುಗಿಯ ಡಾಕ್ಟರೇಟ್ ಹೋಯಿತು, ಅದಕ್ಕಿಂತ ಹೆಚ್ಚಾಗಿ ಹೆಸರು ಹೋಯಿತು. ಒಮ್ಮೆ ಸುಳ್ಳುಗಾತಿ ಅನ್ನಿಸಿಕೊಂಡವಳಿಗೆ ಇನ್ನೊಂದು ಲ್ಯಾಬಿನ ಬಾಗಿಲು ತೆರೆಯುವುದಿಲ್ಲ. ಫೋಟೊ, ವಿಡಿಯೊ ಯಾವುದೂ ಬೇಡ, ವಸ್ತುವನ್ನೇ ಮೇಜಿನ ಮೇಲಿಡಿ ಎಂದು ಸಮಿತಿಯವರು ಕಡ್ಡಿ ಮುರಿದಂತೆ ಹೇಳಿದ್ದರು.

“ಹೊಟ್ಟೆ ನೋಡಿ ಮೇಡಂ,” ಎಂದಳು ವಿಜೇತಾ. “ಕೈಯಲ್ಲಿ ಎಂತ ಉಂಟು?”

“ಹೊಟ್ಟೆ ಎಲ್ಲರೂ ನೋಡಿಯಾಯ್ತಲ್ಲ ಮಾರಾಯ್ತಿ. ಈ ಪತ್ತೇದಾರಿಕೆಗೆ ಇಳಿಯುವ ಮೊದಲು ನಾನು ಪೊಲೀಸಿನಲ್ಲಿ ಇದ್ದದ್ದು ಬೆರಳಚ್ಚು ವಿಭಾಗದಲ್ಲಿ. ಹೆಣವಾದರೂ ಸರಿ, ಇಲಿಯಾದರೂ ಸರಿ, ನಾನು ಮೊದಲು ನೋಡುವುದು ಬೆರಳನ್ನೇ.”

ಹೀಗೆ ಹೇಳಿ ಅವಳು ಸ್ಟೂಲಿನಿಂದ ಇಳಿದು ಜಾಗ ಬಿಟ್ಟುಕೊಟ್ಟಳು. ವಿಜೇತಾ ಬಗ್ಗಿ ನೋಡಿದಳು. ಚೂರು ಹೊರಳಿಸಿ ಮತ್ತೆ ನೋಡಿದಳು. ಪೆಟ್ಟಿಗೆಯಿಂದ ಇನ್ನೊಂದು ಭ್ರೂಣವನ್ನು ತೆಗೆದಳು, ಆಮೇಲೆ ಮತ್ತೊಂದನ್ನು. ಕೊನೆಗೆ ತಲೆ ಎತ್ತಿದಾಗ ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ.

ತಾನು ಭ್ರೂಣ ತೆಗೆದದ್ದು ಹದಿಮೂರೂವರೆ ದಿನಕ್ಕೆ, ಆ ವಯಸ್ಸಿಗೆ ಬೆರಳುಗಳು ಬಿಡಿಬಿಡಿಯಾಗಿರಬೇಕು ಎಂದು ಅವಳು ತಡವರಿಸುತ್ತ ಹೇಳಿದಳು. ಇವು ಒಂದಿಡೀ ದಿನ ಚಿಕ್ಕವು. ಇವು ತನ್ನವಲ್ಲ.

ಅಷ್ಟು ಹೇಳಿ ಹುಡುಗಿ ಅತ್ತುಬಿಟ್ಟಳು. ಗ್ಲ್ಯಾಡಿಸ್‌ಗೆ ಅಳುವವರನ್ನು ಸಮಾಧಾನಪಡಿಸುವ ಕಲೆ ಒಲಿದಿರಲಿಲ್ಲ. ಬೆನ್ನ ಮೇಲೆ ಎರಡು ಸಲ ತಟ್ಟಿ ಸುಮ್ಮನಾದಳು. ಆದರೆ ಒಳಗೊಳಗೇ ಅವಳಿಗೆ ಬಹಳ ಖುಷಿಯಾಗಿತ್ತು. ದೊಡ್ಡ ದೊಡ್ಡ ಡಾಕ್ಟರುಗಳು ಸಾಲಾಗಿ ಬಗ್ಗಿ ನೋಡಿ ಹೋದ ಮೇಲೂ ಕಳ್ಳ ಬಿಟ್ಟುಹೋದ ಗುರುತು ಹಾಗೇ ಉಳಿದಿತ್ತಲ್ಲ!

“ಸರಿ,” ಎಂದಳು. “ಅತ್ತದ್ದು ಸಾಕು. ಇಷ್ಟು ಓದಿದ ಕಳ್ಳ ಒಂದು ದಿನದ ಲೆಕ್ಕ ತಪ್ಪುವುದು ಹೇಗೆ? ನನಗೆ ಅರ್ಥವಾಗುವ ಹಾಗೆ ಹೇಳು.”

ವಿಜೇತಾ ಮೂಗು ಒರೆಸಿಕೊಂಡು ಹೇಳಿದಳು. ಗಂಡಿಲಿ, ಹೆಣ್ಣಿಲಿಯನ್ನು ಸಂಜೆ ಒಂದೇ ಗೂಡಿಗೆ ಬಿಡುತ್ತಾರೆ. ಕೂಡಿದ್ದರೆ ಮಾರನೆಯ ಬೆಳಿಗ್ಗೆ ಹೆಣ್ಣಿನಲ್ಲಿ ಬಿಳಿಯ ಪುಟ್ಟ ಬಿರಡೆಯಂಥದ್ದು ಕಾಣಿಸುತ್ತದೆ, ಅದಕ್ಕೆ ಪ್ಲಗ್ ಎನ್ನುತ್ತಾರೆ. ಬಸಿರಿನ ಲೆಕ್ಕ ಶುರುವಾಗುವುದು ಅಲ್ಲಿಂದ. ಪ್ಲಗ್ ಕಂಡ ದಿನದ ಮಧ್ಯಾಹ್ನಕ್ಕೆ ಬರೀ ಅರ್ಧ ದಿನ ಎನ್ನುವುದು ಈ ಲ್ಯಾಬಿನ ರೂಢಿ. ಪ್ಲಗ್ ಕಂಡ ದಿನವೇ ಮೊದಲನೆಯ ದಿನ ಎಂದು ಎಣಿಸುವ ಲ್ಯಾಬುಗಳೂ ಇವೆ. ಹಾಗೆ ಎಣಿಸುವವರ ಹದಿಮೂರನೆಯ ದಿನ ಇಲ್ಲಿಯವರಿಗೆ ಹನ್ನೆರಡೂವರೆ.

“ಬೇರೆ ಕೆಲಸದಲ್ಲಿ ಒಂದು ದಿನ ಹೆಚ್ಚುಕಮ್ಮಿ ಆದರೆ ನಡೀತದೆ ಮೇಡಂ. ನಮ್ಮದರಲ್ಲಿ ಕೆಲವು ಗಂಟೆಯೇ ಎಲ್ಲ.”

ಅವಳ ಸಂಶೋಧನೆಯೇ ಆ ಗಂಟೆಗಳದ್ದು. ಮೊದಮೊದಲು ಗಂಡು ಭ್ರೂಣಕ್ಕೂ ಹೆಣ್ಣು ಭ್ರೂಣಕ್ಕೂ ಹೊಟ್ಟೆಯಲ್ಲಿರುವುದು ಒಂದೇ ಬಗೆಯ ಮೊಳಕೆ. ಗಂಡಿನ ವೈ ಕ್ರೋಮೋಸೋಮಿನಲ್ಲಿರುವ ಒಂದು ಜೀನ್ ಸರಿಯಾದ ಹೊತ್ತಿಗೆ ಎದ್ದು ಕೂಗು ಹಾಕಿದರೆ ಆ ಮೊಳಕೆ ವೃಷಣವಾಗುತ್ತದೆ. ವಿಜೇತಾಳ ಇಲಿಗಳಲ್ಲಿ ಆ ಜೀನ್ ಕೆಟ್ಟಿರಲಿಲ್ಲ, ಕೂಗಿನಲ್ಲಿ ಬಲವೂ ಕಡಿಮೆ ಇರಲಿಲ್ಲ. ಅದನ್ನು ಎಬ್ಬಿಸಬೇಕಾದ ಇನ್ನೊಂದು ಜೀನ್ ಮಾತ್ರ ತೂಕಡಿಸಿತ್ತು. ಕೂಗು ಕೆಲವು ಗಂಟೆ ತಡವಾಗಿ ಬಂದಿತು, ಅಷ್ಟರಲ್ಲಿ ಮೊಳಕೆ ಅಂಡಾಶಯದ ದಾರಿ ಹಿಡಿದಾಗಿತ್ತು.

“ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ,” ಎಂದಳು ಗ್ಲ್ಯಾಡಿಸ್. “ಟಿಕೆಟಿಗೆ ದುಡ್ಡು ಉಂಟು, ಓಡುವುದಕ್ಕೆ ಕಾಲೂ ಉಂಟು. ಬಸ್ಸು ಮಾತ್ರ ಹೋಗಿಯಾಗಿದೆ.”

ವಿಜೇತಾ ಒಂದು ವಾರದ ಮೇಲೆ ಮೊದಲ ಸಲ ನಕ್ಕಳು.

ಪೆಟ್ಟಿಗೆ ಇದ್ದ ಕಪಾಟಿನ ಬೀಗದ ಕೈ ಮೂವರಲ್ಲಿತ್ತು: ವಿಜೇತಾ, ಅವಳ ಗೈಡ್ ಡಾ. ಸೋಫಿಯಾ, ಲ್ಯಾಬಿನ ಹಿರಿಯ ಸಂಶೋಧಕ ಶ್ರವಣ್. ಮೂರು ವರ್ಷ ಹೊರದೇಶದಲ್ಲಿದ್ದು ಬಂದವನು ಶ್ರವಣ್. ವಿಜೇತಾಳ ಫೋಟೊಗಳ ಬಗ್ಗೆ ತುಂಬಿದ ಸಭೆಯಲ್ಲಿ ಮೊದಲು ಅನುಮಾನ ಎತ್ತಿದವನೂ ಅವನೇ.

ಗ್ಲ್ಯಾಡಿಸ್‌ಗೆ ಇಷ್ಟು ಸಾಕಾಗಿತ್ತು. ಉಡುಪಿಯ ಕಡೆಯವರ ಒಂದು ಸ್ವಭಾವ ಅವಳಿಗೆ ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷು ಆಡುವವನು ಅವಸರದಲ್ಲಿ ಎಣಿಸಬೇಕಾದಾಗ ಮಾತ್ರ ತುಳುವಿನಲ್ಲೋ ಕೊಂಕಣಿಯಲ್ಲೋ ಎಣಿಸುತ್ತಾನೆ. ಅವಳೂ ಅಷ್ಟೆ, ಬೆರಳಚ್ಚಿನ ಗೆರೆಗಳನ್ನು ಇಪ್ಪತ್ತು ವರ್ಷ ಕೊಂಕಣಿಯಲ್ಲೇ ಎಣಿಸಿದವಳು. ಮನುಷ್ಯ ಆಡುವ ಮಾತು ಎಷ್ಟು ಸಲ ಬೇಕಾದರೂ ಬದಲಾದೀತು, ಮೊದಲು ಕಲಿತ ಎಣಿಕೆ ಬದಲಾಗುವುದಿಲ್ಲ. ಕದ್ದು ಮಾಡುವ ಕೆಲಸದಲ್ಲಂತೂ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಶ್ರವಣ್‌ನ ಕೈ ಹೊರದೇಶದ ಲ್ಯಾಬಿನ ಲೆಕ್ಕವನ್ನೇ ಹಿಡಿದಿರಬೇಕು.

ಅಷ್ಟರಲ್ಲಿ ಸೋಫಿಯಾ ತಾವೇ ಮೂರು ಲೋಟ ಚಹಾ ಹಿಡಿದುಕೊಂಡು ಒಳಗೆ ಬಂದರು. ಅರವತ್ತು ಸಮೀಪಿಸಿದ, ಮೆಲುದನಿಯ ಹೆಂಗಸು. ವಿಷಯ ಮುಚ್ಚಿಹೋಗಲಿ ಎಂದು ಸಂಸ್ಥೆಯವರೆಲ್ಲ ಬಯಸುತ್ತಿದ್ದಾಗ ಗ್ಲ್ಯಾಡಿಸ್‌ಳನ್ನು ಉಡುಪಿಯ ಅವಳ ಕಚೇರಿಯಲ್ಲಿ ಹುಡುಕಿ ಕರೆಸಿದ್ದು ಇವರೇ. ಇವರ ಬಗ್ಗೆ ಇಲ್ಲಿ ಒಂದು ಮಾತು ಪ್ರಸಿದ್ಧವಾಗಿತ್ತು. ಆ ಜೀನ್ ಎಷ್ಟು ಜೋರಾಗಿ ಕೂಗುತ್ತದೆ ಎನ್ನುವುದಷ್ಟೇ ಮುಖ್ಯ, ಯಾವಾಗ ಕೂಗುತ್ತದೆ ಎನ್ನುವುದಲ್ಲ ಎಂದು ಇವರು ಜೀವಮಾನವಿಡೀ ವಾದಿಸಿದವರಂತೆ. ಆ ವಾದವನ್ನೇ ಉರುಳಿಸಲು ಹೊರಟ ವಿದ್ಯಾರ್ಥಿನಿಗೆ ತಮ್ಮ ಲ್ಯಾಬಿನಲ್ಲೇ ಜಾಗ ಕೊಟ್ಟರಲ್ಲ, ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳುತ್ತಿದ್ದರು.

ಗ್ಲ್ಯಾಡಿಸ್ ಬೆರಳಿನ ವಿಷಯವನ್ನು ಅವರಿಗೆ ತಿಳಿಸಿದಳು. ಸೋಫಿಯಾ ಕನ್ನಡಕ ತೆಗೆದು ಬಹಳ ಹೊತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇದರ ಮುಂದೆ ಕೂರದೆ ಎಷ್ಟೋ ವರ್ಷವಾಯಿತು, ಕಣ್ಣು ಕೈಕೊಡುತ್ತದೆ ಎಂದರು. ಆಮೇಲೆ ವಿಜೇತಾಳ ತಲೆ ಸವರಿ, “ನಿನ್ನ ಅಮ್ಮನನ್ನು ಕಾಪುವಿನಿಂದ ಕರೆಸುತ್ತೇನೆ. ಇವತ್ತೊಂದು ದಿನ ನೀನು ಒಬ್ಬಳೇ ಇರುವುದು ಬೇಡ,” ಎಂದರು.

ಗ್ಲ್ಯಾಡಿಸ್ ಅದನ್ನು ಅರೆಕಿವಿಯಲ್ಲಿ ಕೇಳಿಸಿಕೊಂಡಳು. ಆಗಲೇ ಅವಳು ಚೀಲದಲ್ಲಿ ಕಾರಿನ ಕೀಲಿ ತಡಕುತ್ತಿದ್ದಳು. ಶ್ರವಣ್ ರಜೆ ಹಾಕಿ ಬಜಗೋಳಿಯ ಮನೆಗೆ ಹೋಗಿದ್ದ, ತಂಗಿಯ ಮಗುವಿನ ಸಮಾರಂಭವಂತೆ.

“ಪೆಟ್ಟಿಗೆಯನ್ನು ನಿನ್ನ ಮೇಡಂ ಬಿಟ್ಟು ಬೇರೆ ಯಾರ ಕೈಗೂ ಕೊಡಬೇಡ,” ಎಂದು ವಿಜೇತಾಳಿಗೆ ತಾಕೀತು ಮಾಡಿದಳು. “ಸಂಜೆಯೊಳಗೆ ನಿನ್ನ ಕಳ್ಳನನ್ನು ಕರಕೊಂಡು ಬರ್ತೇನೆ.”

ಕಾರ್ಕಳ ದಾಟುವವರೆಗೂ ಗ್ಲ್ಯಾಡಿಸ್ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಲೇ ಇದ್ದಳು. ಶ್ರವಣ್‌ಗೆ ಹಾಕಬೇಕಾದ ಗಾಳ ತಯಾರಾಗಿತ್ತು. ಹಾಳು ಹರಟೆಯ ನಡುವೆ ಒಂದು ಲೆಕ್ಕ ಕೇಳುವುದು: ಭಾನುವಾರ ಪ್ಲಗ್ ಕಂಡರೆ ಮೂರನೆಯ ದಿನ ಯಾವುದು? ಯೋಚಿಸಲು ಬಿಡಬಾರದು. ಬುಧವಾರ ಎನ್ನುವ ಬದಲು ಬಾಯಿ ತಪ್ಪಿ ಮಂಗಳವಾರ ಎಂದರೆ ಅದೇ ಅವನ ಕೈಗೆ ಬೇಡಿ.

ಬಜಗೋಳಿಯ ಆ ಮನೆಯಂಗಳಕ್ಕೆ ಕಾರು ಇಳಿದಾಗ ಶಾಮಿಯಾನ ಹಾಕಿತ್ತು, ಕುರ್ಚಿಗಳ ತುಂಬ ನೆಂಟರಿದ್ದರು, ಆದರೆ ಅಡಿಗೆಯ ಪರಿಮಳ ಮಾತ್ರ ಇರಲಿಲ್ಲ. ಹಿತ್ತಿಲಲ್ಲಿ ಹೂಡಿದ್ದ ದೊಡ್ಡ ಒಲೆಗಳು ತಣ್ಣಗಿದ್ದವು. ನಾಲ್ಕಾರು ಹೆಂಗಸರು ರೇಷ್ಮೆಸೀರೆಯ ಸೆರಗು ಸಿಕ್ಕಿಸಿಕೊಂಡು ಸೌತೆಕಾಯಿ ಹೆಚ್ಚುತ್ತಿದ್ದರು. ಅವರ ನಡುವೆ ಪಂಚೆಯುಟ್ಟ ಒಬ್ಬ ಗಂಡಸು ತಲೆ ತಗ್ಗಿಸಿ ತೆಂಗಿನಕಾಯಿ ತುರಿಯುತ್ತಿದ್ದ. ಮೂರು ವರ್ಷ ಹೊರದೇಶದಲ್ಲಿದ್ದು ಬಂದ ಡಾ. ಶ್ರವಣ್ ಅವನೇ.

ಎಂತ ಆಯ್ತು ಎಂದು ಗ್ಲ್ಯಾಡಿಸ್ ಕೇಳಿದ್ದೇ ತಡ, ಅವನ ತಾಯಿ ಗುಣವತಿ ಗುರುತು ಪರಿಚಯ ಯಾವುದನ್ನೂ ಕೇಳದೆ ದುಃಖ ತೋಡಿಕೊಂಡರು.

“ಮಗಳು ಹೆತ್ತು ಇವತ್ತಿಗೆ ಹದಿನಾರು. ಅಮೆಯ ಸೂತಕ ಕಳೆದು ಮಗುವಿಗೆ ಹೆಸರಿಡುವ ದಿನ. ಅಡಿಗೆಯವರಿಗೆ ಹೇಳು ಅಂತ ಈ ಪುಣ್ಯಾತ್ಮನಿಗೆ ಹೇಳಿದ್ದು. ಇವನು ನಾಳೆ ಬರ್ಲಿಕ್ಕೆ ಹೇಳಿದ್ದಾನೆ. ಹುಟ್ಟಿದ ದಿನ ಲೆಕ್ಕಕ್ಕಿಲ್ವಂತೆ ಇವನಿಗೆ. ಮಗು ಹುಟ್ಟಿದ ದಿನ ಸೊನ್ನೆಯಂತೆ. ಯಾರಾದರೂ ಕೇಳಿದ್ದುಂಟಾ?”

ಹೆಂಗಸರು ನಕ್ಕರು. ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ತಂಗಿ ಮೋಕ್ಷಾ ಕೂಡ ನಕ್ಕಳು. ಶ್ರವಣ್ ಇನ್ನಷ್ಟು ಜೋರಾಗಿ ತೆಂಗಿನಕಾಯಿ ತುರಿದ.

ಗ್ಲ್ಯಾಡಿಸ್ ನಗಲಿಲ್ಲ. ದಾರಿಯುದ್ದಕ್ಕೂ ಮಸೆದು ತಂದಿದ್ದ ಗಾಳ ಅವಳ ಕೈಯಲ್ಲೇ ಮುರಿದಿತ್ತು. ಮನೆಯಲ್ಲಿ, ಯಾರೂ ಪರೀಕ್ಷೆ ಮಾಡದಿರುವಾಗ, ಸ್ವಂತ ತಂಗಿಯ ಮಗುವಿಗೇ ಸೊನ್ನೆಯಿಂದ ಎಣಿಸಿ ನೆಂಟರನ್ನು ಹಸಿದು ಕೂರಿಸಿದವನು ಪ್ಲಗ್ ಕಂಡ ದಿನವನ್ನು ಒಂದು ಎಂದು ಎಣಿಸುವುದುಂಟೇ? ಇವನು ಕದ್ದಿದ್ದರೆ ಭ್ರೂಣದ ಬೆರಳುಗಳು ಬಿಡಿಬಿಡಿಯಾಗಿರುತ್ತಿದ್ದವು.

ತಾನು ತಪ್ಪಿದೆ ಎಂದು ಗೊತ್ತಾದ ಮೇಲೆ ಅಳುಕುತ್ತ ನಿಲ್ಲುವ ಜಾಯಮಾನ ಅವಳದ್ದಲ್ಲ. ಶ್ರವಣ್‌ನನ್ನು ಬಾವಿಕಟ್ಟೆಯ ಹತ್ತಿರ ಕರೆದು ತಾನು ಯಾರೆಂದು ಹೇಳಿದಳು, ಕೈಬೇಡಿ ಹಾಕುವ ಉದ್ದೇಶದಿಂದಲೇ ಬಂದೆ ಎಂದೂ ಹೇಳಿದಳು.

ಅವನ ಮುಖ ಕೆಂಪಾಯಿತು. “ನಾನು ಫೋಟೊದ ಬಗ್ಗೆ ಪ್ರಶ್ನೆ ಕೇಳಿದ್ದು ಹೌದು. ಪ್ರಶ್ನೆ ಕೇಳುವುದು ಕಳ್ಳತನವಾ?”

“ಅಲ್ಲ. ಆದರೆ ನೀವು ಕೇಳಿದ ಮೇಲೆಯೇ ಸಮಿತಿ ಆದದ್ದು.”

“ಸಮಿತಿ ಬೇಕು ಅಂತ ನಾನು ಹೇಳ್ಲಿಲ್ಲ. ಇನ್ನೊಂದು ಸಲ ಮಾಡಿ ತೋರಿಸಲಿ ಅಂತ ಹೇಳಿದ್ದು. ತೋರಿಸಿದ್ದರೆ ನಾನೇ ಮೊದಲು ಚಪ್ಪಾಳೆ ಹೊಡೀತಿದ್ದೆ.”

ಮಾತಿನಲ್ಲಿ ಸಿಟ್ಟಿತ್ತು, ಕಳ್ಳನ ಜಾಣತನ ಇರಲಿಲ್ಲ. ಗ್ಲ್ಯಾಡಿಸ್ ಅಂಟಿದ ಬೆರಳುಗಳ ಕಥೆಯನ್ನು ಅವನಿಗೆ ಬಿಡಿಸಿ ಹೇಳಿದಳು. ಹೇಳುತ್ತಿದ್ದಂತೆ ಅವನ ಸಿಟ್ಟು ಇಳಿಯಿತು. ಕೈಗೆ ಮೆತ್ತಿದ್ದ ಕಾಯಿತುರಿಯನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತ.

“ನಿಮ್ಮ ಲ್ಯಾಬಿನಲ್ಲಿ ಪ್ಲಗ್ ದಿನವನ್ನು ಒಂದು ಅಂತ ಎಣಿಸುವವರು ಯಾರು?”

ಅವನು ಮನೆಯ ಕಡೆ ಒಮ್ಮೆ ನೋಡಿದ.

“ಅರ್ಧ ದಿನದ ಲೆಕ್ಕ ಅಲ್ಲಿಗೆ ತಂದದ್ದು ನಾನು,” ಎಂದ ಕೊನೆಗೆ. “ಅದಕ್ಕೆ ಮೊದಲು ಅಲ್ಲಿ ಪ್ಲಗ್ ದಿನವೇ ಒಂದು. ನಾನು ಸೇರಿದ ಹೊಸದರಲ್ಲಿ ನನ್ನ ಭ್ರೂಣ ಯಾವುದೂ ಸರಿ ಬರ್ಲಿಲ್ಲ. ಜಗಳ ಮಾಡಿ ಪದ್ಧತಿ ಬದಲಿಸಿದೆ. ಹುಡುಗರೆಲ್ಲ ಹೊಸ ಲೆಕ್ಕ ಕಲಿತರು. ಒಬ್ಬರಿಗೆ ಮಾತ್ರ ಈಗಲೂ ನಾಲಗೆಗೆ ಹಳೆಯದೇ ಬರುವುದು. ಭ್ರೂಣ ತೆಗೆಯಲಿಕ್ಕೆ ಅವರು ಫೋನಿನಲ್ಲಿ ಯಾವ ವಾರ ಹೇಳಿದರೂ ಅದರ ಮರುದಿನ ಅಂತ ತಿಳಿದುಕೊಳ್ಳುವುದು ನಮಗೆಲ್ಲ ಅಭ್ಯಾಸ ಆಗಿದೆ. ವಿಜೇತಾಳಿಗೂ ಗೊತ್ತುಂಟು. ಅದು ಅಲ್ಲಿ ಒಂದು ತಮಾಷೆಯ ವಿಷಯ.”

“ಹೆಸರು ಹೇಳಿ.”

“ಸೋಫಿಯಾ ಮೇಡಂ.”

ಗ್ಲ್ಯಾಡಿಸ್ ಬಾವಿಕಟ್ಟೆಯ ಮೇಲೆ ಕೈಯೂರಿದಳು. ‘ಎಷ್ಟು’ ಎನ್ನುವುದರ ಮೇಲೆ ಜೀವಮಾನವನ್ನೇ ಪಣಕ್ಕಿಟ್ಟ ಹೆಂಗಸಿನ ಮುಂದೆ ‘ಯಾವಾಗ’ ಎಂದು ತೋರಿಸಿಕೊಟ್ಟ ಹುಡುಗಿ. ಕಪಾಟಿನ ಬೀಗದ ಕೈ. ಎಷ್ಟೋ ವರ್ಷಗಳಿಂದ ಸೂಕ್ಷ್ಮದರ್ಶಕದ ಮುಂದೆ ಕೂರದ ಕಣ್ಣು, ಹೊಟ್ಟೆಯನ್ನಷ್ಟೇ ನೋಡಿ ತೃಪ್ತಿಪಟ್ಟು ಕೈಯನ್ನು ನೋಡಲು ಮರೆತ ಕಣ್ಣು. ಎಲ್ಲವೂ ಸಾಲಾಗಿ ಬಂದು ನಿಂತವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹಾಗಾದರೆ ಪತ್ತೇದಾರಿಣಿಯನ್ನು ಕರೆಸಿದ್ದು ಯಾಕೆ, ತಮ್ಮ ದೊಡ್ಡ ಮನಸ್ಸಿನ ಹೆಸರು ಉಳಿಸಿಕೊಳ್ಳಲೆಂದೇ? ಅದಕ್ಕೆ ಉತ್ತರ ಹುಡುಕಲು ಈಗ ಪುರುಸೊತ್ತು ಇರಲಿಲ್ಲ. ಪೆಟ್ಟಿಗೆ ಸೋಫಿಯಾ ಕೈಯಲ್ಲಿತ್ತು, ಅದನ್ನು ಅವರಿಗಲ್ಲದೆ ಬೇರೆ ಯಾರಿಗೂ ಕೊಡಬೇಡ ಎಂದು ಹೇಳಿಬಂದವಳು ಸ್ವತಃ ಗ್ಲ್ಯಾಡಿಸ್. ತನ್ನ ಮೇಲೆಯೇ ಅವಳಿಗೆ ಕೆಟ್ಟ ಸಿಟ್ಟು ಬಂತು. ಫೋನ್ ತೆಗೆದು ವಿಜೇತಾಳಿಗೆ ಹಚ್ಚಿದಳು.

ವಿಜೇತಾಳ ದನಿ ಹಗುರಾಗಿತ್ತು. “ಮೇಡಂ, ಒಳ್ಳೇ ಸುದ್ದಿ ಉಂಟು. ಈ ಭ್ರೂಣಗಳಲ್ಲಿ ನಮ್ಮ ಇಲಿಗಳ ಜೀನ್ ಇಲ್ಲ ಅಂತ ಟೆಸ್ಟ್ ಮಾಡಿ ತೋರಿಸುವ ಅಂತ ಸೋಫಿಯಾ ಮೇಡಂ ಹೇಳಿದರು. ಅವರೇ ನನ್ನ ಜತೆ ಕೂತು ಮಾಡ್ತಿದ್ದಾರೆ. ಯಾರೋ ಬಂದರು ಅಂತ ಈಗಷ್ಟೇ ತಮ್ಮ ಕೋಣೆಗೆ ಹೋದರು.”

“ಟೆಸ್ಟಿಗೆ ಎಂತ ಮಾಡಬೇಕು?”

“ಕರಗಿಸಬೇಕು. ಚೂರು ಸಾಕು ಅಂತ ನಾನು ಹೇಳಿದೆ, ಇಡೀ ಹಾಕು, ಆಗ ಅನುಮಾನವೇ ಇರುವುದಿಲ್ಲ ಅಂದರು. ಬೆರಳಿಗೆ ನಾನೇ ಸಾಕ್ಷಿ ಹೇಳ್ತೇನೆ ಅಂದಿದ್ದಾರೆ.”

“ಎಷ್ಟು ಹಾಕಿಯಾಯ್ತು?”

“ಎಲ್ಲ ಆಯ್ತು. ಇನ್ನು ಒಂದೇ ಉಳಿದದ್ದು. ಅದು ನನ್ನ ಕೈಯಲ್ಲುಂಟು. ಓ, ಮೇಡಂ ವಾಪಸ್ ಬಂದರು.”

ಶ್ರವಣ್ ಹತ್ತಿರ ಬಂದು ಕಿವಿಗೊಟ್ಟ. ಗ್ಲ್ಯಾಡಿಸ್ ಕಾರಿನ ಕಡೆಗೆ ಹೆಜ್ಜೆ ಹಾಕಿದಳು. ಇಂಥ ಹೊತ್ತಿನಲ್ಲಿ ಅವಳ ದನಿ ಏರುವುದಿಲ್ಲ, ಇನ್ನಷ್ಟು ತಗ್ಗುತ್ತದೆ. ಬೆರಳಚ್ಚು ವಿಭಾಗದಲ್ಲಿ ಅದನ್ನು ಕೇಳಿ ನಡುಗಿದವರಿದ್ದಾರೆ.

“ವಿಜೇತಾ, ಈಗ ನಾನು ಹೇಳುವುದನ್ನು ಕೇಳು. ಮುಖ ಬದಲಿಸಬೇಡ. ನಾನು ನಿನ್ನ ಅಮ್ಮ ಅಂತ ತಿಳಿ. ಎಲ್ಲದಕ್ಕೂ ಆಯ್ತು ಅಮ್ಮ ಅಂತ ಮಾತ್ರ ಹೇಳು. ಆ ಒಂದನ್ನು ಕರಗಿಸಬೇಡ.”

ಆ ಕಡೆ ಏನನ್ನೋ ಹೇಳಬೇಕೆಂದು ಬಾಯಿ ತೆರೆದು ಮುಚ್ಚಿದ ಹಾಗೆ ಕೇಳಿಸಿತು.

“ಆಯ್ತು ಅಮ್ಮ.”

“ಟ್ಯೂಬನ್ನು ಕಿಸೆಗೆ ಹಾಕು. ಅಮ್ಮನ ಫೋನು ಅಂತ ಹೇಳಿ ಹೊರಗೆ ಬಾ. ಲಿಫ್ಟ್ ಬೇಡ, ಮೆಟ್ಟಿಲು ಇಳಿ. ಟೈಗರ್ ಸರ್ಕಲಿನ ಬಸ್‌ಸ್ಟಾಪಿನಲ್ಲಿ ಜನ ಇರುವಲ್ಲಿ ನಿಲ್ಲು. ನಾನು ಹೊರಟೆ.”

“ಆಯ್ತು ಅಮ್ಮ.”

ಕುರ್ಚಿಯೊಂದು ಹಿಂದೆ ಸರಿದ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು. ಅದರ ಬೆನ್ನಿಗೇ ಸೋಫಿಯಾ ಅವರ ದನಿ, ಬೆಳಿಗ್ಗೆ ಚಹಾ ತಂದಾಗ ಇದ್ದಷ್ಟೇ ಮೆಲುವಾಗಿ.

“ಯಾರು ವಿಜೇತಾ ಫೋನಿನಲ್ಲಿ? ನಿನ್ನ ಅಮ್ಮ ಆಗಲೇ ಬಂದು ನನ್ನ ಕೋಣೆಯಲ್ಲಿ ಕೂತಿದ್ದಾರಲ್ಲ.”